ಪದಚರ್ಚೆ: ‘ರಾಸಾಯನಿಕ ಅಸಮತೋಲನ’ಕ್ಕೆ ಸುಲಭದ ಕನ್ನಡ ಬೇಕು (ಅರ್ಜೆಂಟ್)

ಬದಿಯಡ್ಕದಿಂದ:
ಮಾನಸಿಕ ಆರೋಗ್ಯ ಶಿಬಿರದ ಪೋಸ್ಟರ್. ಮೂಲ ಮಲಯಾಳದಲ್ಲಿದೆ, ನಾಳೆ ಬೆಳಗ್ಗೆ ಪ್ರೆಸ್ಸಿಗೆ ಕೊಡಬೇಕು. ‘ರಾಸ ಅಸಂತುಲಿತಾವಸ್ಥ’ ಅಂತಿರುವುದನ್ನು ನಾನು ಹೀಗೆ ಬರೆದೆ: “ಮಿದುಳಿನ ರಾಸಾಯನಿಕ ಅಸಮತೋಲನವೇ ಸ್ಕಿಜೋಫ್ರೇನಿಯಾಕ್ಕೆ ಕಾರಣ.” ಅಜ್ಜಿಯಂದಿರಿಗೂ ತಿಳಿಯುವ ಪದ ಹೇಳಿ.

ಮಂಜೇಶ್ವರದಿಂದ:
ಮೊದಲು ಸ್ಕಿಜೋಫ್ರೇನಿಯಾ ಅನ್ನುವ ಆ ಮನೋರೋಗದ ಇಂಗ್ಲಿಷ್ ಹೆಸರು ತೆಗೆಯಿರಿ. ‘ಇಚ್ಚಿತ್ತವಿಕಲತೆ’ ಇದೆ, ಆದರೆ ಅದು ಅರಿಸಮಾಸ. ಇರ್ (ಎರಡು) ನಮ್ಮದು, ಚಿತ್ತ (ಮನಸ್ಸು) ಸಂಸ್ಕೃತದ್ದು. ಸುಮ್ನೆ ‘ಮರುಳು’ ಅನ್ನಿ. ತುಳುವಿನ ‘ಮರ್ಲ್’ ಕೂಡ ಅದೇ ಬೇರಿನದು. ‘ಜನ ಮರುಳೋ ಜಾತ್ರೆ ಮರುಳೋ’ ಗೊತ್ತಿಲ್ಲದ ಅಜ್ಜಿ ಯಾರಿದ್ದಾರೆ?

ಕುಂಬಳೆಯಿಂದ:
ಮರುಳು ಅಂತ ಗೋಡೆಗೆ ಹಚ್ಚಿದರೆ ಶಿಬಿರಕ್ಕೆ ಒಂದು ನರಪಿಳ್ಳೆಯೂ ಬರುವುದಿಲ್ಲ. ‘ಮರ್ಲ್’ ಇಲ್ಲಿ ಬೈಗುಳ. ‘ಇಚ್ಚಿತ್ತ’ ಅಂದರೆ ಒಬ್ಬನೊಳಗೆ ಇಬ್ಬರು ಅಂತ ಸಿನಿಮಾ ನೋಡಿದವರು ತಿಳಿಯುತ್ತಾರೆ. ಜಪಾನಿನವರು ‘ಮನಸ್ಸು ಸೀಳಿದ ಕಾಯಿಲೆ’ ಎಂಬ ಅರ್ಥದ ಹಳೆ ಹೆಸರನ್ನು 2002ರಲ್ಲೇ ಬಿಟ್ಟರು. ಸ್ಕಿಜೋಫ್ರೇನಿಯಾ ಇರಲಿ.

ನನ್ನ ತಕರಾರು ಆ ಅವಧಾರಣೆಯ ‘ಏ’ ಮೇಲೆ. ‘ಅಸಮತೋಲನವೇ’ ಅಂದರೆ ಬೇರೆ ಕಾರಣವೇ ಇಲ್ಲ ಅಂತಾಯ್ತು, ಅಲ್ವಾ? ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಹೆಚ್ಚಾಗಿ ಈ ಕಾಯಿಲೆ ಬರುತ್ತದೆ ಎಂಬ ವಾದ ಹುಟ್ಟಿದ್ದು ಮದ್ದಿನ ಹಿಂದೆ ಹೋಗಿ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮದ್ದು ಕೊಟ್ಟಾಗ ಭ್ರಮೆ ತಗ್ಗಿತು. ಅದು ಡೋಪಮಿನ್ ಗ್ರಾಹಕಗಳನ್ನು, ಅಂದರೆ ಜೀವಕೋಶದಲ್ಲಿ ಡೋಪಮಿನ್ ಬಂದು ಅಂಟುವ ಜಾಗಗಳನ್ನು, ತಡೆಯುತ್ತದೆ ಅಂತ ಗೊತ್ತಾದದ್ದು ಆಮೇಲೆ. ತಡೆ ಬೀಳುವುದು ಕೆಲವೇ ಗಂಟೆಗಳಲ್ಲಿ, ರೋಗಿ ಪೂರ್ತಿ ಚೇತರಿಸಲು ವಾರಗಟ್ಟಲೆ ಬೇಕು. ಗ್ಲುಟಮೇಟ್ ಎಂಬ ಇನ್ನೊಂದು ಮಿದುಳಿನ ರಾಸಾಯನಿಕದ ಗ್ರಾಹಕವನ್ನು ತಡೆಯುವ ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೂಡ ಇಂಥದೇ ಲಕ್ಷಣ ತರಬಲ್ಲದು. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ಮದ್ದು ಡೋಪಮಿನ್ ಗ್ರಾಹಕವನ್ನು ನೇರವಾಗಿ ತಡೆಯುವುದೇ ಇಲ್ಲ. ವಂಶದಿಂದ ಬಂದದ್ದು, ಗಾಂಜಾ, ಬೆಳೆದ ಪರಿಸರ, ಇವಕ್ಕೂ ಪಾಲಿದೆ. ಹೀಗೆ ಬರೆಯಿರಿ: “ಮಿದುಳಿನ ರಾಸಾಯನಿಕಗಳ ಏರುಪೇರಿಗೂ ಈ ಕಾಯಿಲೆಗೂ ನಂಟಿದೆ.”

ಮಂಜೇಶ್ವರದಿಂದ:
ರಾಸಾಯನಿಕ, ಡೋಪಮಿನ್, ಗ್ಲುಟಮೇಟ್! ಎಲ್ಲ ಸಾಲದ ಸರಕು. ಹಾಗಾದರೆ ‘ಅಸಂತುಲಿತಾವಸ್ಥ’ವನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ. ಗಡಿನಾಡಿನ ಬೋರ್ಡುಗಳು ಹೇಗೂ ಹಾಗೇ ಆಗಿವೆ.

ಕುಂಬಳೆಯಿಂದ:
‘ಬೋರ್ಡು’ ಯಾವ ಅಚ್ಚಗನ್ನಡ, ಸ್ವಾಮಿ?

ಮಂಜೇಶ್ವರದಿಂದ:
ಹಲಗೆ. ಬೆರಳು ತಪ್ಪಿತು. ಆದರೂ ‘ನಂಟಿದೆ’ ತೀರಾ ಸಪ್ಪೆ. ಓದಿದವರು ಮದ್ದೇ ಬೇಡ ಅಂದುಕೊಂಡರೆ?

ಬದಿಯಡ್ಕದಿಂದ:
ಆ ಮಾತು ಸರಿ. ‘ಏ’ ತೆಗೆದೆ, ಏರುಪೇರು ಹಾಕಿದೆ. ಕೆಳಗೆ “ಡಾಕ್ಟರನ್ನು ಕೇಳದೆ ಮದ್ದು ನಿಲ್ಲಿಸಬೇಡಿ” ಅಂತ ದಪ್ಪಕ್ಷರದಲ್ಲಿ ಸೇರಿಸಿದ್ದೇನೆ. ‘ಗ್ರಾಹಕ’ಕ್ಕೆ ಪೋಸ್ಟರಿನಲ್ಲಿ ಜಾಗವಿಲ್ಲ. ಹಾಕಿದ್ದರೆ ಅಂಗಡಿ ಗಿರಾಕಿ ಅಂದುಕೊಳ್ಳುತ್ತಿದ್ದರು.