ಆ್ಯನಿಮೇಷನ್‌ನಲ್ಲಿ ಡಿಸೈನರ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು:
ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಯುತ್ತಾ ಬಂತು, ಊರು ಶಿವಮೊಗ್ಗದ ಹತ್ತಿರ. ಪೆನ್ಸಿಲ್‌ನಲ್ಲಿ ಮುಖಚಿತ್ರ ಚೆನ್ನಾಗಿ ಬರುತ್ತದೆ. ಸ್ಟುಡಿಯೋ ಸೇರಿ ಕಾರ್ಟೂನ್ ಪಾತ್ರಗಳನ್ನು ಡಿಸೈನ್ ಮಾಡುವ ಆಸೆ. ಒಂದು ಸಂಸ್ಥೆಯವರು ನಾಲ್ಕು ಲಕ್ಷ ಫೀಸು, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಯಾವ ಸಾಫ್ಟ್‌ವೇರ್ ಮೊದಲು ಕಲಿಯಲಿ? ಪೋರ್ಟ್‌ಫೋಲಿಯೋದಲ್ಲಿ ಏನಿರಬೇಕು? ಈ ಕೆಲಸದಲ್ಲಿ ಇರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಕ್ಯಾರೆಕ್ಟರ್ ಡಿಸೈನರ್, 2ಡಿ ಸರಣಿಗಳು:
ಸಾಫ್ಟ್‌ವೇರ್ ವಿಷಯ ಆಮೇಲೆ ನೋಡೋಣ. ಡಿಸೈನರ್ ಮೇಜಿನಿಂದ ಮುಂದಿನ ವಿಭಾಗಕ್ಕೆ ಹೋಗುವುದು ಒಂದು ಚಂದದ ಚಿತ್ರವಲ್ಲ, ಮಾಡೆಲ್ ಪ್ಯಾಕ್. ನಿಮ್ಮ ಮುಖವನ್ನೇ ನೋಡಿರದ ಹತ್ತಾರು ಆ್ಯನಿಮೇಟರ್‌ಗಳು ನಿಮ್ಮನ್ನು ಏನೂ ಕೇಳದೆ ಅದೇ ಪಾತ್ರವನ್ನು ಬರೆಯುವಂತಿರಬೇಕು. ಹಾಗೆ ಬರೆಯಲು ಆಗದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪ್ಯಾಕ್‌ನ ಬೆನ್ನೆಲುಬು ಟರ್ನ್‌ಅರೌಂಡ್. ಒಂದೇ ಪಾತ್ರ ಐದು ಕೋನಗಳಲ್ಲಿ: ಎದುರಿನಿಂದ, ಎದುರಿನ ಮುಕ್ಕಾಲು, ಪಕ್ಕದಿಂದ, ಹಿಂದಿನ ಮುಕ್ಕಾಲು, ಬೆನ್ನಿನಿಂದ. ಐದನ್ನೂ ಒಂದೇ ಸಾಲಿನಲ್ಲಿಟ್ಟು ನೆತ್ತಿ, ಕಣ್ಣು, ಗದ್ದ, ಭುಜ, ಸೊಂಟ, ಮಂಡಿ, ಪಾದದ ಮಟ್ಟಕ್ಕೆ ಅಡ್ಡಗೆರೆ ಎಳೆಯಿರಿ. ಪ್ರತಿ ಗೆರೆಯೂ ಐದು ಚಿತ್ರಗಳಲ್ಲೂ ಅದೇ ಅಂಗದ ಮೇಲೆ ಹಾಯಬೇಕು. ಹೊಸಬರದ್ದು ಸಾಮಾನ್ಯವಾಗಿ ಕೆಡುವುದು ಮುಕ್ಕಾಲು ಕೋನದಲ್ಲಿ. ಆಚೆ ಬದಿಯ ಕಣ್ಣು ಈಚೆಯದರಷ್ಟೇ ಅಗಲವಾಗಿಬಿಡುತ್ತದೆ, ಮೂಗು ಮಧ್ಯರೇಖೆ ಬಿಟ್ಟು ಜಾರುತ್ತದೆ, ತಲೆಬುರುಡೆಯ ಹಿಂಭಾಗವೇ ಇರುವುದಿಲ್ಲ. ತಲೆಯನ್ನು ಗೋಳವಾಗಿ ಕಟ್ಟಿಕೊಳ್ಳದೆ ಮುಖವನ್ನಷ್ಟೇ ಬರೆದಾಗ ಹೀಗಾಗುತ್ತದೆ. ಫೋಟೋ ನೋಡಿ ಮುಖಚಿತ್ರ ಬರೆದು ಪಳಗಿದ ಕೈಗೆ ಈ ತೊಂದರೆ ಜಾಸ್ತಿ, ಅದಕ್ಕೇ ನಿಮಗೆ ಮೊದಲೇ ಹೇಳುತ್ತಿದ್ದೇನೆ.

ಇದರ ಜೊತೆಗೆ ಏಳೆಂಟು ಮುಖಭಾವ, ಐದಾರು ಕೈಮುದ್ರೆ, ನಾಲ್ಕು ಚಲನೆಯ ಭಂಗಿ, ಬೇರೆ ಪಾತ್ರಗಳ ಪಕ್ಕ ನಿಲ್ಲಿಸಿದ ಎತ್ತರದ ಪಟ್ಟಿ, ಬಣ್ಣದ ಮಾಡೆಲ್. ಬಣ್ಣದಲ್ಲಿ ಹಗಲು ಮತ್ತು ರಾತ್ರಿ ಎರಡೂ ಬೇಕು.

ಎತ್ತರವನ್ನು ತಲೆಯ ಲೆಕ್ಕದಲ್ಲಿ ಹೇಳುತ್ತೇವೆ. ನಿಜವಾದ ವಯಸ್ಕರು ಸುಮಾರು ಏಳೂವರೆ ತಲೆ. ಮಕ್ಕಳ ಸರಣಿಯ ಪಾತ್ರಗಳು ಹೆಚ್ಚಾಗಿ ಮೂರರಿಂದ ನಾಲ್ಕು. ತಲೆ ದೊಡ್ಡದು, ತೋಳು ಮೋಟು ಮಾಡಿದರೆ ಮುದ್ದಾಗಿ ಕಾಣುತ್ತದೆ ನಿಜ, ಆದರೆ ಕೈ ನೆತ್ತಿಗೆ ಎಟುಕುವುದಿಲ್ಲ. ಕಥೆಯಲ್ಲಿ ಆ ಹುಡುಗ ಟೋಪಿ ತೆಗೆಯಬೇಕು, ತಲೆಯ ಮೇಲೆ ಬುಟ್ಟಿ ಹೊರಬೇಕು ಅಂತಿದ್ದರೆ ಪ್ರತಿ ಸಲವೂ ತೋಳು ಎಳೆದು ಉದ್ದ ಮಾಡಬೇಕಾಗುತ್ತದೆ. ಹಾಗಾಗಿ ಸ್ಕ್ರಿಪ್ಟ್ ಓದಿ, ಪಾತ್ರ ಏನೇನು ಮಾಡುತ್ತದೆ ಅಂತ ಪಟ್ಟಿ ಮಾಡಿಕೊಂಡೇ ಅಳತೆ ನಿಗದಿ ಮಾಡಿ.

ಮೌತ್ ಚಾರ್ಟ್, ಅಂದರೆ ಯಾವ ಅಕ್ಷರಕ್ಕೆ ಬಾಯಿ ಯಾವ ಆಕಾರ ಅನ್ನುವ ಪಟ್ಟಿ, ಅದರ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಸಿಗುವ ಚಾರ್ಟ್‌ಗಳು ಇಂಗ್ಲಿಷ್ ಉಚ್ಚಾರಣೆಗೆ ಹೊಂದಿಸಿದವು. ಕನ್ನಡ ಸಂಭಾಷಣೆಗೆ ಬರೆಯುವಾಗ ಮುಚ್ಚಿದ ತುಟಿ ಪ, ಬ, ಮಕ್ಕೆ. ಹಲ್ಲು ಕೆಳತುಟಿಗೆ ತಾಗುವುದು ವ, ಫಕ್ಕೆ. ಅಗಲಿದ ತುಟಿ ಇ, ಎಗೆ. ದುಂಡು ತುಟಿ ಉ, ಒಗೆ. ದೊಡ್ಡ ತೆರಪು ಆಕ್ಕೆ. ನಾಲಿಗೆ ಕಾಣುವುದು ತ, ದ, ಲಕ್ಕೆ. ಜೊತೆಗೊಂದು ಸುಮ್ಮನಿರುವ ಬಾಯಿ. ಟ, ಡ, ಳಕ್ಕೆ ಬೇರೆ ಬಾಯಿ ಬೇಡ, ನಾಲಿಗೆ ಒಳಗೆ ಮಡಚುವುದು ಹೊರಗೆ ಕಾಣುವುದಿಲ್ಲ. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಪದದ ಕೊನೆಗೆ ಬಾಯಿ ತಟ್ಟನೆ ಮುಚ್ಚಿದರೆ ತುಟಿ ಒಂದು ಕಡೆ, ದನಿ ಒಂದು ಕಡೆ ಆಗುತ್ತದೆ. ಅರ್ಧ ತೆರೆದ ಒಂದು ಬಾಯಿಯನ್ನು ಹೆಚ್ಚಿಗೆ ಬರೆದಿಡಿ.

ರಿಗ್ಗಿಂಗ್ ವಿಭಾಗದವರು:
ಟಿವಿ ಸರಣಿಗಳಲ್ಲಿ ಬಹಳಷ್ಟು ಈಗ ಕಟ್‌ಔಟ್. ಟೂನ್ ಬೂಮ್ ಹಾರ್ಮನಿ ಅಥವಾ ಅಂಥ ಸಾಫ್ಟ್‌ವೇರ್‌ನಲ್ಲಿ ಪಾತ್ರವನ್ನು ತುಂಡು ತುಂಡಾಗಿ ಬಿಡಿಸಿ ಕೀಲು ಕೂರಿಸುತ್ತೇವೆ, ಹೀಗೆ ಕೂರಿಸಿದ ಜೋಡಣೆಯೇ ರಿಗ್. ನಮ್ಮ ತೊಗಲುಗೊಂಬೆಯ ಕೀಲು ನೋಡಿದ್ದರೆ ವಿಷಯ ಅರ್ಧ ಅರ್ಥವಾದ ಹಾಗೆ. ಡಿಸೈನ್‌ನಲ್ಲಿ ಗಮನ ಇಡದೆ ನಮ್ಮಲ್ಲಿಗೆ ಬಂದು ಕೆಡುವುದು ಇವು:

ಮೊಣಕೈ. ಮೇಲ್ತೋಳಿನ ತುದಿ, ಮುಂಗೈಯ ತುದಿ ಎರಡೂ ಒಂದೇ ಅಳತೆಯ ಅರ್ಧವೃತ್ತ ಆಗಿದ್ದು ಒಂದರ ಮೇಲೊಂದು ಕೂರಬೇಕು. ಒಂದು ದಪ್ಪ, ಒಂದು ಸಣ್ಣ ಇದ್ದರೆ ಮಡಚಿದಾಗ ಚೂಪು ಹೊರಗೆ ಬರುತ್ತದೆ, ಇಲ್ಲವೇ ಬಿರುಕು ಕಾಣುತ್ತದೆ.

ಗೆರೆ. ದಪ್ಪ-ತೆಳು ಆಗುವ ಕುಂಚದ ಗೆರೆ ಕಾಗದದ ಮೇಲೆ ಸೊಗಸು. ಕೀಲಿನ ಜಾಗದಲ್ಲಿ ದಪ್ಪ ಗೆರೆಗೆ ತೆಳುಗೆರೆ ಸೇರಿದರೆ ಜೋಡಣೆ ಎದ್ದು ಕಾಣುತ್ತದೆ. ಕೀಲಿನ ಸುತ್ತಲಾದರೂ ಒಂದೇ ದಪ್ಪ ಇಡಿ.

ಮೀಸೆ. ಮೂಗು, ಮೀಸೆ, ಬಾಯಿ ಒಂದಕ್ಕೊಂದು ಅಂಟಿದ್ದರೆ ಬಾಯಿ ಬದಲಾದಾಗಲೆಲ್ಲ ಮೀಸೆಯೂ ಬದಲಾಗಬೇಕು. ಮೀಸೆ ಬೇರೆ ಲೇಯರ್‌ನಲ್ಲಿರಲಿ, ಅದರ ಕೆಳಗೆ ಬಾಯಿ ತೆರೆಯಲು ಜಾಗ ಇರಲಿ.

ಬಣ್ಣ. ಎಲ್ಲ ಕೋನಕ್ಕೂ ಒಂದೇ ಪ್ಯಾಲೆಟ್ (ಸಾಫ್ಟ್‌ವೇರ್‌ನಲ್ಲಿ ಉಳಿಸಿಟ್ಟ ಬಣ್ಣಗಳ ಪಟ್ಟಿ) ಬಳಸಿ. ಪ್ರತಿ ಕೋನಕ್ಕೂ ಹೊಸ ಪ್ಯಾಲೆಟ್‌ನಿಂದ ತುಂಬಿದರೆ ಡೈರೆಕ್ಟರ್ ಅಂಗಿಯ ಬಣ್ಣ ಬದಲಿಸಿ ಅಂದಾಗ ಒಂದು ಕಡೆ ಬದಲಾಗುತ್ತದೆ, ನಾಲ್ಕು ಕಡೆ ಹಳೆಯದೇ ಉಳಿಯುತ್ತದೆ.

ಕೇಳಿದವರು:
ನಾನು ಬರೆಯುತ್ತಿರುವ ಒಂದು ಪಾತ್ರ ಇಳಕಲ್ ಸೀರೆ ಉಟ್ಟ ಅಜ್ಜಿ. ಸೀರೆಯ ನೆರಿಗೆ, ಚೌಕಳಿ ಎಲ್ಲ ಹಾಕಿದ್ದೇನೆ. ಅದು ಕಷ್ಟ ಆಗುತ್ತದಾ?

ರಿಗ್ಗಿಂಗ್ ವಿಭಾಗದವರು:
ಚೌಕಳಿ ಬೇಡ. ದೇಹ ತಿರುಗಿದಾಗ ಚೌಕಳಿಯೂ ಮೈಯ ಉಬ್ಬುತಗ್ಗಿಗೆ ತಕ್ಕಂತೆ ಬಾಗಬೇಕು. ಕೈಯಲ್ಲಿ ಬರೆದರೆ ಫ್ರೇಮಿನಿಂದ ಫ್ರೇಮಿಗೆ ನಡುಗುತ್ತದೆ, ಕಟ್‌ಔಟ್‌ನಲ್ಲಿ ತುಂಡು ತುಂಡಿಗೂ ಬೇರೆ ದಿಕ್ಕಿಗೆ ತಿರುಗುತ್ತದೆ. ಇಳಕಲ್ ಅಂತ ಗುರುತು ಹಿಡಿಯಲು ಅಂಚು, ಕೆಂಪು ಸೆರಗು, ಅದರ ಮೇಲಿನ ಟೋಪ್ ತೆನಿ ಅನ್ನುವ ಬಿಳಿ ವಿನ್ಯಾಸ ಸಾಕು. ಮೈಭಾಗ ಒಂದೇ ಬಣ್ಣ ಇರಲಿ.

ನೆರಿಗೆಗೆ ಮೂರು ಗೆರೆ ಮೀರಬೇಡಿ. ಸೊಂಟದ ಕೆಳಗೆ ಇಡೀ ಸೀರೆಯನ್ನು ಒಂದೇ ಆಕಾರ ಮಾಡಿ, ಕೆಳಗೆ ಪಾದ ಬೇರೆ ತುಂಡು. ನಡಿಗೆ ಕಾಣುವುದು ಅಂಚಿನ ಅಲೆಯಲ್ಲಿ, ಪಾದದಲ್ಲಿ. ಕೂತ ಭಂಗಿಗೆ ಸೀರೆಯನ್ನು ಬೇರೆಯಾಗಿಯೇ ಬರೆಯಬೇಕು, ನಿಂತ ಆಕಾರವನ್ನು ಮಡಚಿ ಕೂರಿಸಲು ಆಗುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಬಿಡಿ: ಕೆಲಸ ಮಾಡುವ ಅಜ್ಜಿ ಹಾಗೇ ಮಾಡುವುದು, ಪ್ರತಿ ಫ್ರೇಮ್‌ನಲ್ಲೂ ಹಾರಾಡುವ ಒಂದು ತುಂಡು ಕಡಿಮೆಯಾಗುತ್ತದೆ.

ಉಡುವ ಕ್ರಮ ಮೊದಲೇ ತೀರ್ಮಾನಿಸಿ. ಕಚ್ಚೆ ಹಾಕಿ ಉಟ್ಟರೆ ಎರಡು ಕಾಲೂ ಬೇರೆ ಬೇರೆ ಕಾಣುತ್ತವೆ, ರಿಗ್ ಪೂರ್ತಿ ಬೇರೆ. ಕೊಡಗಿನ ಉಡುಗೆಯಾದರೆ ನೆರಿಗೆ ಹಿಂದೆ ಬರುತ್ತದೆ, ಅಂದರೆ ಟರ್ನ್‌ಅರೌಂಡ್‌ನ ಬೆನ್ನಿನ ಚಿತ್ರವೇ ಮುಖ್ಯವಾಗುತ್ತದೆ.

ಬ್ಯಾಕ್‌ಗ್ರೌಂಡ್ ಕಲಾವಿದೆ:
ಎಲ್ಲರೂ ಕ್ಯಾರೆಕ್ಟರ್ ಅನ್ನುತ್ತಾರೆ. ಒಂದು ಸರಣಿಗೆ ಮುಖ್ಯ ಪಾತ್ರ ಆರೇಳು, ಒಮ್ಮೆ ಡಿಸೈನ್ ಆದರೆ ಮುಗಿಯಿತು. ಜಾಗ ಮತ್ತು ಸಾಮಾನು ಪ್ರತಿ ಕಂತಿಗೂ ಹೊಸದು ಬೇಕು. ಹೊಸಬರಿಗೆ ಬಾಗಿಲು ತೆರೆಯುವುದು ಬಹಳ ಸಲ ಪ್ರಾಪ್ (ಪಾತ್ರಗಳು ಬಳಸುವ ಸಾಮಾನು) ಮತ್ತು ಬ್ಯಾಕ್‌ಗ್ರೌಂಡ್‌ನಲ್ಲೇ. ಹೊರದೇಶದ ಸರಣಿಗಳಿಗೆ ಇಲ್ಲಿ ಕೆಲಸ ನಡೆಯುವಾಗಲಂತೂ ಮುಖ್ಯ ಪಾತ್ರಗಳ ಡಿಸೈನ್ ಅಲ್ಲಿಂದಲೇ ಬಂದಿರುವುದು ಸಾಮಾನ್ಯ.

ಫ್ರೇಮ್ 1920×1080 ಪಿಕ್ಸೆಲ್ ಆದರೂ ಚಿತ್ರವನ್ನು ಸುತ್ತಲೂ ಶೇ 10ರಷ್ಟಾದರೂ ಹೆಚ್ಚು ಬರೆಯಿರಿ, ಕ್ಯಾಮೆರಾ ಅಲುಗಿದರೆ ಬಿಳಿ ಅಂಚು ಕಾಣಬಾರದು. ಕ್ಯಾಮೆರಾ ಎರಡರಷ್ಟು ಹತ್ತಿರ ಹೋಗುವ ಶಾಟ್ ಆದರೆ ಚಿತ್ರವೂ ಎರಡರಷ್ಟು ದೊಡ್ಡದಿರಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಮಸುಕು. ಪಾತ್ರದ ಮುಂದೆ ಬರುವ ಕಂಬ, ಗಿಡ, ಕಿಟಕಿ ಸರಳುಗಳನ್ನು ಬೇರೆ ಲೇಯರ್ ಮಾಡಿ. ಮತ್ತು ಅವುಗಳ ಹಿಂದಿನ ಗೋಡೆಯನ್ನೂ ಪೂರ್ತಿ ಬರೆದಿಡಿ.

ಬಣ್ಣ ಮುಗಿದ ಮೇಲೆ ಇಡೀ ಚಿತ್ರವನ್ನು ಕಪ್ಪುಬಿಳುಪು ಮಾಡಿ, ಪಾತ್ರವನ್ನು ಅದರ ಮೇಲೆ ನಿಲ್ಲಿಸಿ ನೋಡಿ. ಪಾತ್ರ ನಿಲ್ಲುವ ಜಾಗದಲ್ಲಿ ಬೂದುಬಣ್ಣ ಎರಡಕ್ಕೂ ಒಂದೇ ಆಗಿದ್ದರೆ ಪಾತ್ರ ಮುಳುಗುತ್ತದೆ. ಅಚ್ಚ ಕಪ್ಪು, ಅಚ್ಚ ಬಿಳಿ, ಅತಿ ಗಾಢ ಬಣ್ಣಗಳನ್ನು ಪಾತ್ರಕ್ಕೆ ಬಿಟ್ಟುಕೊಡಿ.

ನೀವು ಮಲೆನಾಡಿನವರು, ಅದು ದೊಡ್ಡ ಆಸ್ತಿ. ಇಳಿಜಾರು ಹೆಂಚಿನ ಮಾಡು, ಜಗಲಿ, ಅಡಿಕೆ ಒಣಗಿಸುವ ಅಂಗಳ, ದೀವರ ಮನೆಗಳ ಹಸೆ ಚಿತ್ತಾರ, ಇದನ್ನೆಲ್ಲ ಅಲ್ಲೇ ಕೂತು ಬರೆದುಕೊಳ್ಳಿ. ಇದೇ ಮನೆಯನ್ನು ಬಯಲುಸೀಮೆಯ ಕಥೆಗೆ ತಂದಿಟ್ಟರೆ ತಪ್ಪು, ಅಲ್ಲಿ ಮಾಳಿಗೆ ಮನೆ. ಬಾಗಿಲಿನ ಅಗುಳಿ ಯಾವ ಕಡೆ, ಒರಳು ಎಲ್ಲಿರುತ್ತದೆ, ನೀರು ಎಲ್ಲಿ ಕಾಯಿಸುತ್ತಾರೆ ಇಷ್ಟು ಗೊತ್ತಿರುವ ಡಿಸೈನರ್ ಬಹಳ ಅಪರೂಪ.

ಆರ್ಟ್ ಡೈರೆಕ್ಟರ್, ಪೋರ್ಟ್‌ಫೋಲಿಯೋ ನೋಡುವವರು:
ಹನ್ನೆರಡರಿಂದ ಹದಿನೈದು ಪುಟ, ಒಂದೇ ಪಿಡಿಎಫ್, ಫೋನಿನಲ್ಲೂ ತೆರೆಯುವಷ್ಟು ಹಗುರ. ಕಲಾವಿದರು ಕೆಲಸ ತೋರಿಸುವ ಜಾಲತಾಣಗಳಾದ ಆರ್ಟ್‌ಸ್ಟೇಷನ್ ಅಥವಾ ಬಿಹ್ಯಾನ್ಸ್‌ನಲ್ಲಿ ಪುಟ ಇದ್ದರೆ ಒಳ್ಳೆಯದು. ಯಾವ ಕೆಲಸಕ್ಕೆ ಕೇಳುತ್ತಿದ್ದೀರಿ ಅನ್ನುವುದು ಮೊದಲ ಪುಟದಲ್ಲೇ ಇರಲಿ. ಅತಿ ಒಳ್ಳೆಯದು ಮೊದಲು, ಅದಕ್ಕೆ ಸಮನಾದದ್ದು ಕೊನೆಗೆ. ಅನುಮಾನ ಇರುವ ಪುಟ ತೆಗೆದುಬಿಡಿ, ನೋಡುವವರು ಅಳೆಯುವುದು ನಿಮ್ಮ ದುರ್ಬಲ ಪುಟದಿಂದ.

ಒಂದೇ ಸಣ್ಣ ಕಥೆ ಹಿಡಿದು ಅದರ ಎರಡು ಮೂರು ಪಾತ್ರಗಳ ಪೂರ್ತಿ ಪ್ಯಾಕ್, ನಾಲ್ಕೈದು ಪ್ರಾಪ್, ಎರಡು ಜಾಗ ಮಾಡಿ. ಪ್ರಾಪ್ ಅಂದರೆ ಬರೀ ಹೊರಗಿನ ಆಕಾರ ಅಲ್ಲ: ಕೊಡೆ ಆದರೆ ಮಡಚಿದ್ದು, ತೆರೆದದ್ದು, ಹಿಡಿಯುವ ಬಗೆ. ಹತ್ತು ಬೇರೆ ಬೇರೆ ಕಥೆಗಳ ಹತ್ತು ಮುಖಗಳಿಗಿಂತ ಇದು ಹೆಚ್ಚು ತಿಳಿಸುತ್ತದೆ. ಕೈಬಿಟ್ಟ ಕಚ್ಚಾ ರೇಖಾಚಿತ್ರಗಳ ಒಂದು ಪುಟವೂ ಇರಲಿ: ಅಂತಿಮ ಡಿಸೈನ್‌ಗೆ ಮುಂಚಿನ ಇಪ್ಪತ್ತು ಸಣ್ಣ ಆಕಾರಗಳು, ಪೂರ್ತಿ ಕಪ್ಪು ತುಂಬಿದ್ದು. ಕಪ್ಪು ನೆರಳಿನಲ್ಲೇ ಮೂರು ಪಾತ್ರಗಳು ಬೇರೆ ಬೇರೆ ಅಂತ ಗೊತ್ತಾಗಬೇಕು. ಎಐ ಚಿತ್ರ ಸೇರಿಸಬೇಡಿ. ಆ ಪಾತ್ರದ ಹಿಂದಿನ ಮುಕ್ಕಾಲು ಕೋನ ಬರೆಯಿರಿ ಅಂತ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚಿನ ಟೆಸ್ಟ್‌ನಲ್ಲಿ ಕೇಳಿದರೆ ಕೈ ಕಟ್ಟಿಹೋಗುತ್ತದೆ.

ಚಿತ್ರಕಲೆ ಕಲಿಸುವವರು:
ಫೀಸಿನ ವಿಷಯ. ಕೆಲಸ ಗ್ಯಾರಂಟಿ ಅನ್ನುವ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. 2025ರ ಫೆಬ್ರವರಿಯಲ್ಲಿ ಆ್ಯನಿಮೇಷನ್, ವಿಎಫ್‌ಎಕ್ಸ್ ಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನಲ್ಲಿ ಅನುಭವಿಗಳೇ ಕೆಲಸ ಕಳೆದುಕೊಂಡರು. ಸಂಸ್ಥೆಯವರನ್ನು ಕೇಳಬೇಕಾದ್ದು ಬೇರೆ: ವಾರಕ್ಕೆ ಎಷ್ಟು ಗಂಟೆ ಡ್ರಾಯಿಂಗ್? ಮಾಡೆಲ್ ಕೂರಿಸಿ ಬರೆಸುತ್ತೀರಾ? ಹಿಂದಿನ ಬ್ಯಾಚಿನವರ ಪೋರ್ಟ್‌ಫೋಲಿಯೋ ತೋರಿಸಿ. ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ವಾಪಸ್? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಾಮರ್ಸ್ ಓದಿದ್ದು ಅಡ್ಡಿಯಲ್ಲ. ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಆ್ಯನಿಮೇಷನ್ ಫಿಲ್ಮ್ ಡಿಸೈನ್ ಪದವಿ ಇದೆ, ಪ್ರವೇಶಕ್ಕೆ ಡ್ಯಾಟ್ ಪರೀಕ್ಷೆ. ಐಐಟಿ ಬಾಂಬೆ ನಡೆಸುವ ಡಿಸೈನ್ ಪ್ರವೇಶ ಪರೀಕ್ಷೆ ಯುಸೀಡ್ ಇನ್ನೊಂದು ದಾರಿ. ನಮ್ಮಲ್ಲೇ ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ದೃಶ್ಯಕಲೆಯ ಪದವಿ ಮಾಡಿ, ಸಾಫ್ಟ್‌ವೇರ್ ಪಕ್ಕದಲ್ಲಿ ಕಲಿಯಬಹುದು. ನನ್ನ ಮಟ್ಟಿಗೆ ಇದು ಗಟ್ಟಿ ದಾರಿ. ಸಾಫ್ಟ್‌ವೇರ್ ಕೆಲವು ತಿಂಗಳ ಮಾತು, ಕೈ ಪಳಗಲು ವರ್ಷಗಳು ಬೇಕು.

ಈಗಲೇ ಶುರು ಮಾಡುವುದಾದರೆ ದಿನಕ್ಕೆ ಒಂದು ಗಂಟೆ ಹೀಗೆ ಹಂಚಿ: ಹದಿನೈದು ನಿಮಿಷ 30 ಸೆಕೆಂಡಿನ ಭಂಗಿಗಳು, ಬಸ್ ಸ್ಟ್ಯಾಂಡು, ಸಂತೆ ಎಲ್ಲಾದರೂ ಸರಿ, ಹದಿನೈದು ನಿಮಿಷ ಪೆಟ್ಟಿಗೆ, ಕೊಳವೆ, ಗೋಳಗಳನ್ನು ತಿರುಗಿಸಿ ತಿರುಗಿಸಿ ಬರೆಯುವುದು, ಉಳಿದ ಅರ್ಧ ಗಂಟೆ ಅದೇ ದಿನ ನೋಡಿದ ಒಬ್ಬ ವ್ಯಕ್ತಿಯನ್ನು ನೋಡದೆ ಇನ್ನೊಂದು ಕೋನದಿಂದ. ರಬ್ಬರ್ ಬೇಡ. 30 ಸೆಕೆಂಡಿನಲ್ಲಿ ಮುಖಕ್ಕೆ ಕೈ ಹಾಕಬೇಡಿ, ಬೆನ್ನುಮೂಳೆಯ ಬಾಗು ಮತ್ತು ಭಾರ ಯಾವ ಕಾಲ ಮೇಲಿದೆ ಅನ್ನುವುದಷ್ಟೇ.

ಕ್ಯಾರೆಕ್ಟರ್ ಡಿಸೈನರ್, 2ಡಿ ಸರಣಿಗಳು:
ಮೇಲಿನವರ ಮಾತಿಗೆ ಒಂದು ತಕರಾರು. ಸಾಫ್ಟ್‌ವೇರ್ ಕೆಲವು ತಿಂಗಳ ಮಾತು ಅಂತ ಅದನ್ನು ಪದವಿಯ ಕೊನೆಗೆ ತಳ್ಳಬೇಡಿ, ಡ್ರಾಯಿಂಗ್ ಟ್ಯಾಬ್ಲೆಟ್ ಮೇಲೆ ಕೈ ಕೂರಲು ಸಮಯ ಬೇಕು. ಸ್ಕ್ರೀನ್ ಇರುವುದು ಈಗಲೇ ಬೇಡ, ಹ್ಯೂಯಾನ್ ಅಥವಾ ಎಕ್ಸ್‌ಪಿ-ಪೆನ್‌ನ ಮಧ್ಯಮ ಅಳತೆಯ ಸಾದಾ ಟ್ಯಾಬ್ಲೆಟ್ ಸಾಕು. ಚಿತ್ರ ಬರೆಯುವ ಸಾಫ್ಟ್‌ವೇರ್ ಕೃತಾ ಉಚಿತ, 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಉಚಿತ. ಬ್ಲೆಂಡರ್‌ನಲ್ಲಿ ಕೋಣೆಯ ಸರಳ ಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಬ್ಯಾಕ್‌ಗ್ರೌಂಡ್ ಬರೆಯುವುದು ಸ್ಟುಡಿಯೋಗಳಲ್ಲೂ ನಡೆಯುತ್ತದೆ. ಫೋಟೋಶಾಪ್, ಹಾರ್ಮನಿಯನ್ನು ಕೋರ್ಸ್‌ನಲ್ಲೋ ಕೆಲಸದಲ್ಲೋ ಕಲಿಯುತ್ತೀರಿ. ಲೇಯರ್‌ಗೆ ಹೆಸರಿಡುವ ಅಭ್ಯಾಸ ಮಾತ್ರ ಇವತ್ತಿನಿಂದಲೇ ಇರಲಿ. "ಲೇಯರ್ 47 ಕಾಪಿ" ಅಂತ ಇರುವ ಫೈಲು ಕಳಿಸಿದರೆ ರಿಗ್ಗಿಂಗ್‌ನವರು ಅದನ್ನು ವಾಪಸ್ ಕಳಿಸುತ್ತಾರೆ.

ಆರ್ಟ್ ಡೈರೆಕ್ಟರ್, ಪೋರ್ಟ್‌ಫೋಲಿಯೋ ನೋಡುವವರು:
ಟೆಸ್ಟ್ ಬಗ್ಗೆ ಬಿಟ್ಟುಹೋಗಿತ್ತು. ಒಂದು ಪಾತ್ರ, ಒಂದು ಟರ್ನ್‌ಅರೌಂಡ್, ಮೂರು ಮುಖಭಾವ, ಕೆಲವು ದಿನಗಳ ಗಡುವು ಅಂದರೆ ಅದು ಟೆಸ್ಟ್. ಇಡೀ ಕಂತಿನ ಪ್ರಾಪ್‌ಗಳನ್ನು ಉಚಿತವಾಗಿ ಕೇಳಿದರೆ ಅದು ಕೆಲಸ, ಸಂಬಳ ಕೇಳಿ. ಟೆಸ್ಟನ್ನು ಕಡಿಮೆ ರೆಸಲ್ಯೂಷನ್‌ನ ಚಿತ್ರವಾಗಿ, ಹೆಸರು ಅಡ್ಡಲಾಗಿ ಹಾಕಿ ಕಳಿಸಿ. ಲೇಯರ್ ಇರುವ ಮೂಲ ಫೈಲು ಆಫರ್ ಪತ್ರ ಬಂದ ಮೇಲೆ.