ಸಾಸ್‌ಕ್ವಾಚ್ ಕಂಡ ವರದಿ: ಯಾವುದಕ್ಕೆ ಎಷ್ಟು ತೂಕ?

ದಾರಿಹೋಕ:
ಸಾಸ್‌ಕ್ವಾಚ್ ಅಂದರೆ ಉತ್ತರ ಅಮೆರಿಕದ ಕಾಡುಗಳಲ್ಲಿ ಇದೆ ಎನ್ನಲಾಗುವ, ಮೈತುಂಬ ಕೂದಲಿನ, ಎರಡು ಕಾಲಲ್ಲಿ ನಡೆಯುವ ಪ್ರಾಣಿ; ಬಿಗ್‌ಫುಟ್ ಎಂದೂ ಕರೆಯುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಗಳ ಕಡೆ ಅದನ್ನು ಕಂಡೆವೆಂಬ ಒಂದು ವರದಿ ಇದು. ಅಕ್ಟೋಬರ್, ಮುಸ್ಸಂಜೆ. ಕಾರಿನಲ್ಲಿದ್ದ ಇಬ್ಬರಿಗೆ ಸುಮಾರು 80 ಮೀಟರ್ ದೂರದಲ್ಲಿ ಎಂಟಡಿ ಎತ್ತರದ, ಕಡುಕಂದು ಕೂದಲಿನ ಆಕೃತಿಯೊಂದು ಎರಡು ಕಾಲಲ್ಲಿ ಕಾಡುರಸ್ತೆ ದಾಟಿದ್ದು ಕಂಡಿದೆ, ನಾಲ್ಕೈದು ಸೆಕೆಂಡು. ಮಾರನೇ ದಿನ ಕೆಸರಲ್ಲಿ 15 ಇಂಚಿನ ಹೆಜ್ಜೆ, ಮುಳ್ಳುತಂತಿಯಲ್ಲಿ ಕೂದಲು ಸಿಕ್ಕಿವೆ. ಇಬ್ಬರೂ ಸಂಭಾವಿತರಂತೆ. ಇಂಥ ವರದಿಗಳನ್ನು ಸಂಗ್ರಹಿಸುವ ಬಿಎಫ್‌ಆರ್‌ಒ ಎಂಬ ಸಂಘಟನೆಯ ವರ್ಗೀಕರಣದಲ್ಲಿ ಇದು ‘ಎ’ ಆಗುತ್ತದೆಯೇ? ‘ಎ’ ಆದರೆ ನಂಬಬಹುದೇ?

ಹಳೇ ಕಡತ:
‘ಎ’ ಆಗುವುದಿಲ್ಲ. ಬೇರೆ ಪ್ರಾಣಿಯನ್ನು ನೋಡಿ ಮೋಸಹೋಗುವ ಸಾಧ್ಯತೆ ತೀರಾ ಕಡಿಮೆ ಇರುವ ಸ್ಪಷ್ಟ ನೋಟಕ್ಕೆ ಮಾತ್ರ ‘ಎ’. ದೂರ, ಮಂದ ಬೆಳಕು, ಬರೀ ಸದ್ದು ಇವೆಲ್ಲ ‘ಬಿ’. ಇನ್ನೊಬ್ಬರಿಂದ ಕೇಳಿದ್ದು ‘ಸಿ’. ‘ಎ’ ಸಿಕ್ಕರೂ ಅದು ನೋಟದ ಗುಣಮಟ್ಟಕ್ಕೆ ಕೊಟ್ಟ ದರ್ಜೆ, ಪ್ರಾಣಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಂಭಾವಿತರು ಎಂಬ ಮಾತನ್ನು ಪಕ್ಕಕ್ಕಿಡಿ. ಸುಳ್ಳು ಹೇಳದವರ ಕಣ್ಣೂ ತಪ್ಪುತ್ತದೆ, ಅದರಲ್ಲೂ ಎತ್ತರದ ವಿಷಯದಲ್ಲಿ. ಅಡಿ ಅಡಿಗೆ ಬಣ್ಣ ಬಳಿದ ಗಳುವನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಹೊತ್ತಿಗೆ, ಕಾರಿನ ಸೀಟಿನಿಂದಲೇ ಫೋಟೋ ತೆಗೆಯಿರಿ. ತಲೆ ಯಾವ ಕೊಂಬೆಯ ಮಟ್ಟಕ್ಕಿತ್ತು ಎಂದು ಇಬ್ಬರೂ ಬೇರೆಬೇರೆಯಾಗಿ ತೋರಿಸಲಿ. ಎಂಟಡಿ ಎನ್ನುವುದು ಆರಕ್ಕೆ ಇಳಿದರೆ ನಿಂತ ಕಪ್ಪು ಕರಡಿಯ ಅಳತೆಗೆ ಬಂದಂತೆ. ಹೆಸರು ಕಪ್ಪು ಕರಡಿಯಾದರೂ ಅದರಲ್ಲಿ ಕಂದು ಬಣ್ಣದವೂ ಇವೆ. ಕರಡಿ ಎರಡು ಕಾಲಲ್ಲಿ ದೂರ ನಡೆಯುವುದು ಅಪರೂಪ, ಆದ್ದರಿಂದ ಎಷ್ಟು ಹೆಜ್ಜೆ ಕಂಡಿತು ಎಂದು ಕೇಳಲೇಬೇಕು.

ಕೇಳುವಾಗ ‘ಕೈ ಉದ್ದವಿತ್ತಾ?’ ಅನ್ನಬೇಡಿ. ಮೊದಲು ಅವರೇ ತಡೆಯಿಲ್ಲದೆ ಹೇಳಲಿ, ಆಮೇಲೆ ‘ಕೈ ಹೇಗಿತ್ತು?’ ಎಂದು ಕೇಳಿ. ಇಬ್ಬರೂ ರಾತ್ರಿಯೆಲ್ಲ ಅದನ್ನೇ ಮಾತಾಡಿಕೊಂಡಿದ್ದರೆ ಎರಡು ಸಾಕ್ಷಿ ಅಂತ ಲೆಕ್ಕ ಹಾಕುವಂತಿಲ್ಲ.

ಕೆಸರುಹೆಜ್ಜೆ:
ಒಂದೇ ಹೆಜ್ಜೆಯಾದರೆ ಅದರ ಉದ್ದಕ್ಕೆ ಬೆಲೆಯಿಲ್ಲ. ಕರಡಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬೀಳುತ್ತದೆ. ಎರಡೂ ಕೂಡಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ, ಕೆಸರು ಕುಸಿದರೆ ಇನ್ನೂ ದೊಡ್ಡದಾಗುತ್ತದೆ. ಉಗುರಿನ ಚುಕ್ಕೆ ಹುಡುಕಿ. ಬೆರಳುಗಳನ್ನೂ ನೋಡಿ: ಕರಡಿಗೆ ಒಳಬದಿಯ ಬೆರಳೇ ಚಿಕ್ಕದು, ನಮಗೆ ತಿರುವುಮುರುವು.

ಸಾಲು ಹೆಜ್ಜೆಗಳಿದ್ದರೆ ಪ್ರತಿಯೊಂದನ್ನೂ ಅಳತೆಪಟ್ಟಿ ಇಟ್ಟು, ಕ್ಯಾಮೆರಾ ನೇರ ಮೇಲಿನಿಂದ ಹಿಡಿದು ತೆಗೆಯಬೇಕು. ಜೀವಂತ ಪಾದದಲ್ಲಿ ಬೆರಳು ಹೆಜ್ಜೆಹೆಜ್ಜೆಗೂ ಸ್ವಲ್ಪ ಜರುಗುತ್ತವೆ. ಎಲ್ಲವೂ ಅಚ್ಚೊತ್ತಿದಂತಿದ್ದರೆ ಅಚ್ಚೇ ಇರಬೇಕು. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನ 16 ಇಂಚಿನ ಹೆಜ್ಜೆಗಳಿಂದಲೇ ‘ಬಿಗ್‌ಫುಟ್’ ಎಂಬ ಹೆಸರು ಪತ್ರಿಕೆಗಳಲ್ಲಿ ಹಬ್ಬಿದ್ದು. ಅಲ್ಲಿ ರಸ್ತೆ ಗುತ್ತಿಗೆದಾರನಾಗಿದ್ದ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ಪಾದಗಳನ್ನು ತೋರಿಸಿದರು.

ಅಚ್ಚು ತೆಗೆಯುವವರಿಗೆ ಒಂದು ಮಾತು. ತೂಕದಲ್ಲಿ ಎರಡು ಪಾಲು ಪ್ಲಾಸ್ಟರ್‌ಗೆ ಸುಮಾರು ಒಂದು ಪಾಲು ನೀರು. ನುಣುಪಾದ ಒಣಮಣ್ಣು ಆ ನೀರನ್ನು ಸೆಳೆದುಕೊಂಡರೆ ಅಚ್ಚಿನ ಮೇಲೆ ಚರ್ಮದ ಗೆರೆಗಳಂಥ ಏಣುಗಳು ತಾವಾಗಿಯೇ ಏಳುತ್ತವೆ. ಪಕ್ಕದಲ್ಲೇ ನಿಮ್ಮ ಬೂಟಿನ ಗುರುತು ಮಾಡಿ, ಅದೇ ಕಲಸಿನಿಂದ ಇನ್ನೊಂದು ಅಚ್ಚು ತೆಗೆಯಿರಿ. ಬೂಟಿಗೂ ಗೆರೆ ಬಂದರೆ ಮುಗಿಯಿತು.

ರೋಮಶ:
ನನ್ನ ಪ್ರಕಾರ ಈ ವರದಿಯಲ್ಲಿ ನಿಜಕ್ಕೂ ಪರೀಕ್ಷಿಸಬಹುದಾದದ್ದು ಕೂದಲೊಂದೇ. ಕೈಗವಸು ಹಾಕಿ, ಚಿಮಟದಿಂದ ಎತ್ತಿ ಕಾಗದದ ಲಕೋಟೆಗೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬುಡ ಸಮೇತ ಇದ್ದರೆ ಡಿಎನ್‌ಎಗೆ ಒಳ್ಳೆಯದು. ಮುಟ್ಟಿದವರೆಲ್ಲರ ಎಂಜಲಿನ ಮಾದರಿಯೂ ಜೊತೆಗಿರಲಿ, ಇಲ್ಲವಾದರೆ ‘ಮನುಷ್ಯನಂತಿದೆ’ ಎಂಬ ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ.

ಬಿಗ್‌ಫುಟ್‌ನದ್ದಿರಬಹುದೆಂದು 1976ರಲ್ಲಿ ಎಫ್‌ಬಿಐ ಪರೀಕ್ಷೆಗೆ ಒಪ್ಪಿಕೊಂಡ ಕೂದಲು ಜಿಂಕೆ ಜಾತಿಯದ್ದೆಂದು ತಿಳಿಯಿತು. ಆ ಕಡತ 2019ರಲ್ಲಿ ಬಹಿರಂಗವಾಯಿತು. 2014ರಲ್ಲಿ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಂಡಕ್ಕೆ ಡಿಎನ್‌ಎ ಓದಲು ಸಿಕ್ಕ, ಇಂಥ ಪ್ರಾಣಿಗಳವೆನ್ನಲಾದ 30 ಕೂದಲ ಮಾದರಿಗಳೂ ಕರಡಿ, ಕುದುರೆ, ಹಸು, ಮುಳ್ಳುಹಂದಿಯಂಥ ಗೊತ್ತಿರುವ ಪ್ರಾಣಿಗಳವೇ. ‘ಗುರುತು ಸಿಗಲಿಲ್ಲ’ ಎಂದು ವರದಿ ಬಂದರೆ ಹಿಗ್ಗಬೇಡಿ, ಡಿಎನ್‌ಎ ಕೆಟ್ಟಿದ್ದರೂ ಹಾಗೇ ಬರುತ್ತದೆ.

ದಾರಿಹೋಕ:
2024ರಲ್ಲಿ ಫ್ಲೋ ಫಾಕ್ಸನ್ ಅವರ ಅಧ್ಯಯನ ಬಂತಲ್ಲ, ಕಪ್ಪು ಕರಡಿ ಹೆಚ್ಚಿರುವ ಕಡೆ ಸಾಸ್‌ಕ್ವಾಚ್ ವರದಿಯೂ ಹೆಚ್ಚು ಅಂತ? ಅಷ್ಟರಿಂದಲೇ ತೀರ್ಮಾನಿಸಬಹುದಲ್ಲವೇ?

ಹಳೇ ಕಡತ:
ಜನಸಂಖ್ಯೆ, ಕಾಡಿನ ವಿಸ್ತಾರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿಯುತ್ತದೆ, ಅದು ಗಟ್ಟಿ ಮಾತು. ಆದರೆ ಅದು ರಾಶಿ ವರದಿಗಳ ಬಗ್ಗೆ ಹೇಳುವಂಥದ್ದು. ಈ ಒಂದು ಸಂಜೆ ಏನು ದಾಟಿತು ಎಂದು ಅದರಿಂದ ತಿಳಿಯದು. ಅಕ್ಟೋಬರ್ ಅಲ್ಲಿ ಜಿಂಕೆ ಬೇಟೆಯ ಕಾಲ ಬೇರೆ, ಮರೆವೇಷದ ಬೇಟೆಗಾರನೂ ಆಗಿರಬಹುದು. ಮೊದಲು ಗಳು ನಿಲ್ಲಿಸಿ ತೆಗೆದ ಫೋಟೋ ತರಿಸಿ. ತಡವಾದರೆ ಹೊತ್ತು ಮುಳುಗುವ ಸಮಯ ಬದಲಾಗಿ ಅದೇ ಬೆಳಕು ಸಿಗುವುದಿಲ್ಲ.