ಸಹಾಯ ಬೇಕು: ಮಳೆಗಾಲದಲ್ಲಿ ಬೆವರುವ ಆಟದ ಹಿಟ್ಟು

ಕರಾವಳಿ ಕಡೆ ಅಂಗನವಾಡಿ, ನರ್ಸರಿ ಮಕ್ಕಳ ಜೊತೆ ಕೆಲಸ ಮಾಡೋರು ಸ್ವಲ್ಪ ಹೇಳಿ. ನಾಲ್ಕೈದು ವರ್ಷದ ಮಕ್ಕಳ ಬೆರಳಿಗೆ ಬಲ ಬರಲಿ ಅಂತ ಬೇಯಿಸಿದ ಆಟದ ಹಿಟ್ಟು ಮಾಡ್ತೀವಿ. ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ನೀರು 2 ಕಪ್, ಎಣ್ಣೆ 2 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ. ಸಣ್ಣ ಉರಿಯಲ್ಲಿ ತಳ ಬಿಡೋವರೆಗೆ ಮಗುಚಿ, ಬೆಚ್ಚಗಿರುವಾಗಲೇ ನಾದೋದು.

ಬೇಸಿಗೆಯಲ್ಲಿ ತೊಂದ್ರೆನೇ ಇಲ್ಲ. ಒಳಗೆ ಹುದುಗಿಸಿದ ಕಡಲೆಕಾಳನ್ನ ಹೆಬ್ಬೆರಳು, ತೋರುಬೆರಳಲ್ಲಿ ಚಿವುಟಿ ತೆಗೆಯೋದು (ಕಾಳು ಬಾಯಿಗೆ, ಮೂಗಿಗೆ ಹೋಗದ ಹಾಗೆ ದೊಡ್ಡೋರು ಪಕ್ಕದಲ್ಲೇ ಇರಬೇಕು), ಚಕ್ಕುಲಿ ಒರಳಲ್ಲಿ ಒತ್ತೋದು, ಹಾವಿನ ಥರ ಹೊಸೆದು ಕತ್ತರಿಯಲ್ಲಿ ತುಂಡರಿಸೋದು, ಎಲ್ಲಾ ಆಗುತ್ತೆ. ಆಷಾಢ ಬಂತೋ, ಉಪ್ಪು ಗಾಳಿಯ ತೇವ ಎಳ್ಕೊಂಡು ಮರುದಿನಕ್ಕೇ ಹಿಟ್ಟು ಬೆವರಿ ಕೈಗೆ ಅಂಟುತ್ತೆ. ಬೆರಳಿಗೆ ಎದುರೊತ್ತದ ಹಿಟ್ಟಲ್ಲಿ ಆಡಿ ಏನು ಬಂತು?

ಮೇಲಿಂದ ಮೈದಾ ನಾದಿದ್ರೆ ಸ್ವಲ್ಪ ಹೊತ್ತು ಗಟ್ಟಿ, ಆಮೇಲೆ ಆ ಹಸಿ ಹಿಟ್ಟು ಹುಳಿ ವಾಸನೆ ಹೊಡೆಯುತ್ತೆ. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರಹನಿ. ಬಾಣಲೆಯಲ್ಲಿ ಮತ್ತೆ ಬಿಸಿ ಮಾಡಿದ್ರೆ ಸರಿಹೋಗುತ್ತೆ, ಆದ್ರೆ ಪ್ರತಿ ಸಲ ಎಣ್ಣೆ ಸೇರಿಸದಿದ್ರೆ ಬಿರುಕು. ಉಪ್ಪು ಅರ್ಧ ಕಪ್ಪಿಗೆ ಇಳಿಸಿದ್ರೆ ಬೆವರೋದು ಕಡಿಮೆ, ಬೂಸ್ಟು ಮಾತ್ರ ಬೇಗ ಬರುತ್ತೆ.

ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಉಪ್ಪು ಅರ್ಧ ಕಪ್ಪೇ ಇಟ್ಟು, ನಿಂಬೆರಸದ ಬದಲು ಬಿಳಿ ವಿನೆಗರ್ ಹಾಕಿದ್ರೆ ಜುಲೈ ತಿಂಗಳ ತೇವದಲ್ಲಿ ಒಂದು ವಾರ ಬೂಸ್ಟಿಲ್ಲದೆ ಗಟ್ಟಿಯಾಗಿ ನಿಲ್ಲುತ್ತಾ? ಮಾಡಿ ನೋಡಿದೋರು 2 ಕಪ್ ಮೈದಾಗೆ ಎಷ್ಟು ವಿನೆಗರ್, ಎಷ್ಟು ನೀರು ಅಂತ ಅಳತೆ ಹೇಳ್ತೀರಾ?